ಕೆಂಪು ಮಫ್ಲರಿನ ಅವತಾರ

ಮಾಂಟ್ರಿಯಲ್,
ಮಾರ್ಚ್ ಹತ್ತು, ಸೋಮವಾರ

ನನ್ನ ಮುದ್ದು ನೊಯೆಮಿ,

ಹೇಗಿದ್ದೀಯೆ? ನಿದ್ದೆ ಬರುತ್ತಿದೆಯೇ? ಉಪ್ಪುನೀರಿನಲ್ಲಿ ಮೀನು ತೊಳೆದೂ ತೊಳೆದೂ ನಿನ್ನ ಬೆರಳೆಲ್ಲ ಒಡೆದಿವೆ ಎಂದು ಲಿಯೆಟ್ ಚಿಕ್ಕಮ್ಮ ಅಮ್ಮನಿಗೆ ಫೋನಿನಲ್ಲಿ ಹೇಳಿದಳಂತೆ. ಇದರ ಜೊತೆ ಒಂದು ಮುಲಾಮು ಕಳಿಸಿದ್ದೇನೆ. ನಾತ ಹೊಡೆಯುತ್ತದೆ, ಆದರೂ ಹಚ್ಚಿಕೋ. ಮೀನಿಗೆ ಹೊಗೆ ಹಾಕುವ ಮನೆಯಲ್ಲಿ ದುಡಿಯುವವಳಿಗೆ ನಾತದ ಭಯ ಎಲ್ಲಿಯದು? ಚಿಕ್ಕಮ್ಮನ ಮಂಡಿ ಈಗ ಹೇಗಿದೆ? ಅವಳು ಮೆಟ್ಟಿಲು ಹತ್ತುವಾಗ ಸಂತರನ್ನೆಲ್ಲ ಹೆಸರು ಹಿಡಿದು ಬೈಯುವುದನ್ನು ನಿಲ್ಲಿಸಿಲ್ಲ ತಾನೇ? ಅಮ್ಮ ಚೆನ್ನಾಗಿದ್ದಾಳೆ. ನಿನಗೆಂದು ಕಾಲುಚೀಲ ಹೆಣೆಯುತ್ತಿದ್ದಾಳೆ. ಒಂದು ನಿನ್ನ ಕಾಲಿಗೆ, ಇನ್ನೊಂದು ಯಾವುದೋ ದೈತ್ಯನ ಕಾಲಿಗೆ. ಎರಡನ್ನೂ ಹಾಕಿಕೊಂಡು ಒಂದು ಫೋಟೊ ತೆಗೆಸಿ ಕಳಿಸಬೇಕಂತೆ. ಫೋಟೊ ಎಂದರೆ ನೀನು ಬೆಚ್ಚಿಬೀಳುತ್ತೀಯೆಂದು ನಾನು ಅವಳಿಗೆ ಹೇಳಿಲ್ಲ.

ಫೋನು, ಕಂಪ್ಯೂಟರು ಎಲ್ಲವನ್ನೂ ಅಮ್ಮನ ಕಪಾಟಿಗೆ ತುಂಬಿ ಚಿಕ್ಕಮ್ಮನ ದ್ವೀಪಕ್ಕೆ ಹೋದವಳಿಗೆ ಸುದ್ದಿ ಮುಟ್ಟಿಸಲು ಕಾಗದವೇ ಗತಿ. ಬಸ್ಸು ಹತ್ತುವ ಮುಂಚೆ ನೀನು ನನಗೆ ಹೇಳಿದ್ದು ಒಂದೇ ಮಾತು: "ಆ ಬರ್ತ್ರಾಂನ ಉಪ್ಪು ತಿನ್ನೋಕೆ ನಿನಗೆ ಇನ್ನೂ ಮನಸ್ಸಾದ್ರೂ ಹೇಗೆ ಬರುತ್ತೆ ಸೊಲಾಂಜ್?" ಆಗ ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ನೀನು ನನ್ನನ್ನು ತಡೆಯುತ್ತಿದ್ದೆ. ಈಗ ಎಲ್ಲ ಮುಗಿದಿದೆ, ಹಾಗಾಗಿ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆದರೆ ಬೇಸರಿಸಬೇಡ. ನಾನು ನಿನ್ನನ್ನು ನಂಬಿದೆನೋ ಇಲ್ಲವೋ ಎಂಬ ಅನುಮಾನ ನಿನ್ನ ಕಣ್ಣಿನಲ್ಲಿತ್ತು. ನಂಬಿದ್ದೆ ಎಂಬುದು ನನ್ನ ಕೈಬರಹದಲ್ಲೇ ನಿನ್ನ ಹತ್ತಿರ ಇರಲಿ.

ನಾವೆಲ್ಲ ಸೇರಿ ಕಟ್ಟಿದ ‘ಬಿಳಿ ಕೊಳ’ ಎಂಬ ಕಂಪ್ಯೂಟರ್ ಆಟದಲ್ಲಿ ನನ್ನ ಪಾಲಿನದು ಕೈಗಳ ಕೆಲಸ. ಹೆಡ್‌ಸೆಟ್ ಕಣ್ಣಿಗೆ ತೊಟ್ಟು ಆಟದೊಳಗೆ ಬಂದವರ ಕೈ ಇನ್ನೊಬ್ಬರಿಗೆ ತಾಗಿದರೆ ಏನಾಗಬೇಕು, ಯಾರು ಯಾರ ಬಳಿಗೆ ಎಷ್ಟು ಹತ್ತಿರ ಬರಬಹುದು, ಇಂಥದ್ದು. ನಿನ್ನ ಪಾಲಿನದು ಜನರ ಕೆಲಸ. ಕೆಂಪು ಮಫ್ಲರು ಸುತ್ತಿದ ಆತಿಥೇಯಳ ಅವತಾರ ತೊಟ್ಟು ಹೆಪ್ಪುಗಟ್ಟಿದ ಕೊಳದ ದಡದಲ್ಲಿ ನಿಂತು, ಹೊಸಬರನ್ನು ಕರೆದು, ಮಂಜಿನ ಮೇಲೆ ಜಾರುವುದನ್ನು ಕಲಿಸಿ, ಗುರುತು ಪರಿಚಯ ಇಲ್ಲದವರನ್ನು ಆಟಕ್ಕೆ ಸೇರಿಸುತ್ತಿದ್ದೆ. "ಸುಮ್ನೆ ನಿಂತವರು ಜಗಳ ತೆಗೀತಾರೆ, ಕೈಗೊಂದು ಕೆಲಸ ಕೊಡು, ಸ್ನೇಹಿತರಾಗ್ತಾರೆ" ಎಂದು ನೀನು ಹೇಳಿದ ಮೇಲೆಯೇ ನಾನು ಆ ಮರದ ದಿಮ್ಮಿ ಮಾಡಿದ್ದು. ಇಬ್ಬರು ಹಿಡಿದರೆ ಮಾತ್ರ ಏಳುತ್ತದೆ, ಗುಡಿಸಲಿನವರೆಗೆ ಎಳೆದು ತಂದರೆ ಬೆಂಕಿ ಹತ್ತುತ್ತದೆ, ಆಮೇಲೆ ಮಂಜಿನ ಮೇಲೆ ಮೇಪಲ್ ಮರದ ಬಿಸಿ ಸಿಹಿ ಪಾಕ ಸುರಿಯುತ್ತದೆ. ತಿನ್ನಲಾಗದ ಪಾಕಕ್ಕಾಗಿ ಜನ ವಾರವಾರವೂ ಬಂದರು. ಟೂಸಾನಿನ ಆ ನರ್ಸು, ಮಾಂಕ್ಟನ್ನಿನ ಆ ಲಾರಿ ಚಾಲಕ ಇಬ್ಬರೂ ಇವತ್ತಿಗೂ ಬರುತ್ತಾರೆ, ನಿನ್ನನ್ನು ಕೇಳುತ್ತಾರೆ. ಆ ಕೊಳದಲ್ಲಿ ಜನ ಉಳಿದದ್ದು ನಿನ್ನಿಂದ. ನಮ್ಮ ಸ್ಟುಡಿಯೊದ ಒಡೆಯ ಬರ್ತ್ರಾಂ ಲಕಾಸ್ ಮಾತ್ರ ಅದು ತನ್ನ ಜಾಹೀರಾತಿನಿಂದ ಎಂದುಕೊಂಡಿದ್ದ.

ಆಮೇಲೆ ಆ ‘ಹಿಮಕರಡಿ’ ಬಂದ. ಆಟವಾಡುತ್ತಾ ಅದನ್ನೇ ನೇರ ಪ್ರಸಾರ ಮಾಡಿ ಹೊಟ್ಟೆ ಹೊರೆಯುವವನು, ಸಾವಿರಾರು ಜನ ಅವನನ್ನು ನೋಡುತ್ತಾರೆ. ಅವನ ಹಿಂದೆ ಅವನದೇ ಒಂದು ಪಟಾಲಂ. ಅವರು ನಿನ್ನನ್ನು ಗುಡಿಸಲಿನ ಗೋಡೆಗೆ ಒತ್ತಿ ಸುತ್ತುವರಿದರು. ಮುಖಕ್ಕೆ ಮುಖ ಇಟ್ಟರು, ನಿನ್ನ ಅವತಾರದ ಮೈಮೇಲೆಲ್ಲ ಕೈಯಾಡಿಸಿದರು, ಕಿವಿಯಲ್ಲಿ ಆಡಬಾರದ್ದನ್ನೆಲ್ಲ ಆಡಿದರು. ಹೊರಗೆ ಹೋಗುವ ಗುಂಡಿ ಮಣಿಕಟ್ಟಿನ ಮೇಲಿತ್ತು, ಅವರ ಕೈಗಳ ರಾಶಿಯ ಕೆಳಗೆ ಅದು ನಿನಗೆ ಸಿಗಲಿಲ್ಲ. ನೀನು ಹೆಡ್‌ಸೆಟ್ ಕಿತ್ತು ಎಸೆದೆ. ಆದರೆ ಕಿತ್ತೆಸೆದ ಮೇಲೂ ನಿನ್ನ ಅವತಾರ ಅಲ್ಲೇ, ಕಣ್ಣು ಬಿಟ್ಟುಕೊಂಡು, ಕೈ ಇಳಿಬಿಟ್ಟುಕೊಂಡು ನಿಂತೇ ಇತ್ತು. ಅವರು ನಿಲ್ಲಿಸಲಿಲ್ಲ. ಅದೇ ವಿಡಿಯೊ ಊರೆಲ್ಲ ಓಡಾಡಿತು. ಅದನ್ನು ಯಾರೋ ಬೇಕರಿಯ ಸಾಲಿನಲ್ಲಿ ನಿಂತು ನೋಡಿ ನಗುತ್ತಿದ್ದಾಗ ನೀನು ಅವರ ಹಿಂದೆಯೇ ನಿಂತಿದ್ದೆ ಎಂಬುದು ನನಗೆ ಆಮೇಲೆ ಅಮ್ಮನಿಂದ ಗೊತ್ತಾಯಿತು.

ನೀನು ದೂರು ಕೊಟ್ಟ ಸಭೆಯಲ್ಲಿ ನಾನು ನಿನ್ನ ಪಕ್ಕದಲ್ಲೇ ಕುಳಿತಿದ್ದೆ. ಬರ್ತ್ರಾಂ ಕಾಫಿ ಲೋಟ ತಿರುಗಿಸುತ್ತಾ ನಿನ್ನ ಮಾತು ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು, ಬಹಳ ಮೃದುವಾಗಿ, ಹಲ್ಲುನೋವಿನ ಮಗುವಿಗೆ ಹೇಳುವ ಹಾಗೆ ಹೇಳಿದ: "ಅದು ನಿನ್ನ ಮೈ ಅಲ್ಲವಲ್ಲ ನೊಯೆಮಿ, ಬೊಂಬೆ. ಹೆಡ್‌ಸೆಟ್ ತೆಗೆದಿಟ್ರೆ ಎಲ್ಲ ಮಾಯ." ಹಿಮಕರಡಿಯನ್ನು ಹೊರಗೆ ಹಾಕಲು ಅವನು ಒಪ್ಪಲಿಲ್ಲ, ಆ ಕರಡಿಯ ಬೆನ್ನು ಹತ್ತಿ ಬರುವ ಜನ ಬರ್ತ್ರಾಂಗೆ ಬೇಕಿತ್ತು. ಬದಲಿಗೆ ಒಂದು ಅಗ್ಗದ ಔಷಧಿ ಕಂಡುಹಿಡಿದ: ಆತಿಥೇಯರ ದನಿಯನ್ನೆಲ್ಲ ಯಂತ್ರದ ಮೂಲಕ ಹಾಯಿಸಿ ಒಂದೇ ತರಹ ಮಾಡುವುದು. ಒಳಗಿರುವುದು ಗಂಡೋ ಹೆಣ್ಣೋ ಗೊತ್ತಾಗದಿದ್ದರೆ ಕಾಟ ನಿಲ್ಲುತ್ತದಂತೆ. ನಿಲ್ಲಲಿಲ್ಲ. ಕೆಂಪು ಮಫ್ಲರು ಕಂಡರೆ ಸುತ್ತುವರಿಯುವುದು ಆ ಪಟಾಲಮಿಗೆ ಒಂದು ಆಟವೇ ಆಗಿಹೋಯಿತು. ನಿನ್ನ ಜಾಗಕ್ಕೆ ಬಂದ ಐಸಾತಾ, ಗಿನಿಯಿಂದ ಬಂದವರ ಮಗಳು, ನಗುನಗುತ್ತಲೇ ಸೇರಿದವಳು, ತಿಂಗಳಾಗುವುದರೊಳಗೆ ಊಟದ ಹೊತ್ತಿನಲ್ಲಿ ಒಬ್ಬಳೇ ಮೆಟ್ಟಿಲ ಮೇಲೆ ಕೂರತೊಡಗಿದಳು.

ನಾನು ಉಳಿದದ್ದು ಇದಕ್ಕೇ ಕಣೇ. ಬಿಟ್ಟು ಹೋದವಳ ಕೈಗೆ ಏನೂ ಎಟುಕುವುದಿಲ್ಲ. ಚಳಿಗಾಲವಿಡೀ ನಾನು ಬರ್ತ್ರಾಂನ ನಗೆಚಾಟಿಕೆಗಳಿಗೆ ನಕ್ಕೆ, ಅವನ ಹುಟ್ಟುಹಬ್ಬಕ್ಕೆ ಕೇಕು ತಂದೆ, ಒಳಗೊಳಗೇ ಕತ್ತಿ ಮಸೆದೆ. ಮೊದಲು ಹೊಳೆದದ್ದು ಹಿಮಕರಡಿಯ ನಿಜ ನಾಮಧೇಯವನ್ನು ಬೀದಿಗೆ ತರುವುದು. ಅವನು ಯಾನಿಕ್ ಪ್ರೂ, ತ್ರುವಾ-ರಿವಿಯೇರಿನಲ್ಲಿ ಅಕ್ಕನ ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದಾನೆ. ವಿಳಾಸ ನನ್ನ ಕೈಯಲ್ಲಿತ್ತು. ಬಯಲಿಗೆ ಹಾಕಲಿಲ್ಲ. ಧರ್ಮಬುದ್ಧಿಯಿಂದಲ್ಲ, ಅಕ್ಕನಿಗೆ ಚಿಕ್ಕ ಮಕ್ಕಳಿದ್ದಾರೆ ಎಂದು ತಿಳಿಯಿತು, ಅಷ್ಟೇ. ಎರಡನೆಯದಾಗಿ, ನಾನು ಕೊಳವನ್ನು ಮತ್ತೊಮ್ಮೆ ಕಟ್ಟಿದೆ. ಯಾರಿಗೂ ಹೇಳದೆ, ನಿನಗೆ ಆದ ಒಂದೊಂದನ್ನೂ ಎದುರಿಗಿಟ್ಟುಕೊಂಡು. ಈ ಕೊಳದಲ್ಲಿ ನಿನ್ನ ತೋಳಳತೆಯೊಳಗೆ ಬಂದವನು ಮಂಜಿನ ಉಸಿರಿನ ಹಾಗೆ ಕರಗುತ್ತಾನೆ, ಅವನ ದನಿಯೂ ಅಡಗುತ್ತದೆ. ನೀನು ಕೈ ಚಾಚಿದರೆ ಮಾತ್ರ ಇನ್ನೊಬ್ಬರ ಕೈ ನಿನ್ನದನ್ನು ಮುಟ್ಟೀತು. ಗುಂಡಿ ಹುಡುಕಬೇಕಾಗಿಲ್ಲ, ಅಂಗೈ ಎತ್ತಿದರೆ ಸಾಕು, ಒಳಗಿಂದ ಅಗುಳಿ ಹಾಕಿದ ಬೆಚ್ಚನೆಯ ಗುಡಿಸಲಿನಲ್ಲಿರುತ್ತೀಯೆ. ಹೆಡ್‌ಸೆಟ್ ತೆಗೆದ ಗಳಿಗೆಯೇ ಅವತಾರವೂ ಇಲ್ಲ. ಕಾಟ ಕೊಟ್ಟವನ ಆಟ ಆತಿಥೇಯರ ಕಣ್ಣಿಗೆ ಬೀಳುತ್ತದೆ, ಅವನನ್ನು ಹೊರಗಟ್ಟುವ ಅಧಿಕಾರ ಅವರದೇ. ಬರ್ತ್ರಾಂಗೆ ತೋರಿಸಿದೆ. ಅವನು ನೋಡಿ ಆಕಳಿಸಿದ. "ಜನ ಬರೋದೇ ಒಬ್ಬರಿಗೊಬ್ಬರು ಡಿಕ್ಕಿ ಹೊಡಿಯೋಕೆ. ಇದು ಆಟದ ಮೈದಾನ ಕಣೆ ಸೊಲಾಂಜ್, ಕಾನ್ವೆಂಟಲ್ಲ" ಎಂದ. ಸರಿ ಎಂದು ತಂದು ಎತ್ತಿಟ್ಟೆ.

ಹೋದ ತಿಂಗಳು ಟೊರಾಂಟೊದಿಂದ ನಮ್ಮ ಆಟವನ್ನು ಕೊಳ್ಳುವವರು ಬರುತ್ತಾರೆಂದು ಸುದ್ದಿಯಾಯಿತು. ಅವರ ಮುಖ್ಯಸ್ಥೆ ವಿನಿಫ್ರೆಡ್ ಓಕ್ಸ್ ಎಂಬ ನರೆಗೂದಲಿನ ಹೆಂಗಸು, ಮಾತು ಕಡಿಮೆ. ದೊಡ್ಡ ಪರದೆಯ ಮೇಲೆ ಕೊಳವನ್ನು ತೋರಿಸುತ್ತಾ ತಾನೇ ಒಳಗಿದ್ದು ಎಲ್ಲರನ್ನೂ ಸ್ವಾಗತಿಸಬೇಕೆಂಬುದು ಬರ್ತ್ರಾಂನ ಆಸೆ. ಕೊಳ ಗಿಜಿಗುಡುತ್ತಿರಲಿ ಎಂದು ಹಿಮಕರಡಿಯನ್ನೂ ಪಟಾಲಮನ್ನೂ ಕರೆದವನು ಅವನೇ. ಆ ದಿನ ಬೆಳಿಗ್ಗೆ ಯಾವ ಕೊಳ ಹಾಕಲಿ, ಹಳೆಯದೋ ಹೊಸದೋ ಎಂದು ನಾನು ಎಲ್ಲರೆದುರು ಕೇಳಿದೆ. "ಹಳೇದೇ ಹಾಕು, ನಿನ್ನ ಕಾನ್ವೆಂಟ್ ಬೇಡ" ಎಂದ. ಅವನಿಗೆಂದು ಮಾಡಿದ್ದ ಚಿನ್ನದ ಕಿರೀಟದ ಅವತಾರ ಈವತ್ತು ಕೈಕೊಡುತ್ತಿದೆ ಎಂದೆ. ಅದೊಂದು ಸುಳ್ಳು, ಇಡೀ ಕತೆಯಲ್ಲಿ ನಾನು ಹೇಳಿದ ಒಂದೇ ಸುಳ್ಳು. ಹಾಗಾದರೆ ಆತಿಥೇಯರದ್ದೇ ಕೊಡು ಎಂದ. ಕೊಟ್ಟೆ. ಕೆಂಪು ಮಫ್ಲರು ಸುತ್ತಿಕೊಂಡು, ಅವನೇ ಕಂಡುಹಿಡಿದ ಆ ಯಂತ್ರದ ದನಿ ತೊಟ್ಟುಕೊಂಡು ಬರ್ತ್ರಾಂ ಕೊಳಕ್ಕಿಳಿದ. ಒಳಗಿರುವುದು ಯಾರೆಂದು ಹಿಮಕರಡಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಮೊದಲು ಸ್ವಲ್ಪ ಹೊತ್ತು ಅವನು ಜಾರಿದ, ಕೈಬೀಸಿದ, ಟೊರಾಂಟೊದವರಿಗಾಗಿ ಇಂಗ್ಲಿಷಿನಲ್ಲಿ ಭಾಷಣ ಮಾಡಿದ. ಆಮೇಲೆ ಅವರು ಬಂದರು. ನಿನಗೆ ಮಾಡಿದ್ದನ್ನೇ, ಅದೇ ಕ್ರಮದಲ್ಲಿ ಮಾಡಿದರು. ಕಂಠಪಾಠ ಮಾಡಿದ ಹುಡುಗರ ಹಾಗೆ. ಗುಡಿಸಲಿನ ಗೋಡೆಗೆ ಒತ್ತಿದರು. ಮೊದಮೊದಲು ಬರ್ತ್ರಾಂ ನಕ್ಕು, ಸಾಕು ಸಾಕು ಎಂದ. ಆಮೇಲೆ "ನಾನು ಬರ್ತ್ರಾಂ" ಎಂದು ಕೂಗಿದ. ಆ ಯಂತ್ರದ ದನಿಯಲ್ಲಿ ಅದನ್ನು ಕೇಳಿ ಅವರು ಬಿದ್ದುಬಿದ್ದು ನಕ್ಕರು. ಕೋಣೆಯ ನಡುವೆ ಅವನ ನಿಜವಾದ ಮೈ ಹಿಂದೆ ಹಿಂದೆ ಸರಿಯುತ್ತಿತ್ತು, ಇಲ್ಲದ ಕೈಗಳನ್ನು ತಳ್ಳುತ್ತಿತ್ತು, ಕುತ್ತಿಗೆ ಬೆವರುತ್ತಿತ್ತು. ಕೊಳವನ್ನು ಖಾಲಿ ಮಾಡುವ ಗುಂಡಿ ನನ್ನ ಬೆರಳ ಕೆಳಗೇ ಇತ್ತು. ಒತ್ತಲಿಲ್ಲ. ನೊಯೆಮಿ, ಸುಳ್ಳು ಹೇಳುವುದಿಲ್ಲ, ನನಗೆ ಹೊಟ್ಟೆ ತಣ್ಣಗಾಯಿತು. ಬಹಳ ದಿನದ ಬಾಯಾರಿಕೆಗೆ ನೀರು ಬಿದ್ದ ಹಾಗೆ. ಅವನು ಕೊನೆಗೆ ಹೆಡ್‌ಸೆಟ್ ಕಿತ್ತು, ಮೇಜಿಗೆ ಎಡವಿ, ಟೊರಾಂಟೊದವರ ಕಾಫಿಯ ಮೇಲೆ ಬಿದ್ದ. ಎದ್ದು ಪರದೆ ನೋಡಿದ. ಅವನ ಅವತಾರ ಅಲ್ಲೇ ನಿಂತಿತ್ತು, ಅವರು ಅದನ್ನು ಬಿಟ್ಟಿರಲಿಲ್ಲ. "ನಿಲ್ಸು, ನಿಲ್ಸು ಅದನ್ನ" ಎಂದ. ನಾನು ಹೇಳಿದೆ, ಅವನಷ್ಟೇ ಮೃದುವಾಗಿ: "ಅದು ನಿನ್ನ ಮೈ ಅಲ್ಲವಲ್ಲ ಬರ್ತ್ರಾಂ. ಬೊಂಬೆ."

ಇಲ್ಲಿಗೆ ನಿಲ್ಲಿಸಿದ್ದರೆ ಕತೆ ಚೆನ್ನಾಗಿರುತ್ತಿತ್ತು. ಆದರೆ ನನ್ನ ಬೆರಳು ಇನ್ನೂ ಗುಂಡಿಯ ಮೇಲೆ ಸುಮ್ಮನಿತ್ತು, ಅಷ್ಟರಲ್ಲಿ ಪರದೆಯ ಮೇಲೆ ಎರಡನೆಯ ಕೆಂಪು ಮಫ್ಲರು ಕಾಣಿಸಿತು. ಪಕ್ಕದ ಕೋಣೆಯಲ್ಲಿದ್ದ ಐಸಾತಾ ಯಾರೂ ಹೇಳದೆ ಹೆಡ್‌ಸೆಟ್ ತೊಟ್ಟು ಒಳಗಿಳಿದಿದ್ದಳು. ಆ ಖಾಲಿ ಅವತಾರಕ್ಕೂ ಅವರಿಗೂ ನಡುವೆ ಕೈ ಅಗಲಿಸಿ ನಿಂತಳು. ಅವರು ತಿರುಗಿ ಅವಳ ಮೇಲೆ ಮುಗಿಬಿದ್ದರು. ಆಗ ಒತ್ತಿದೆ. ಕೊಳ ಖಾಲಿಯಾಯಿತು. ಅವಳು ನಮ್ಮ ಕೋಣೆಗೆ ಬಂದು, ಬೇರೆ ಯಾರನ್ನೂ ನೋಡದೆ, ನೇರ ನನ್ನ ಮುಂದೆ ನಿಂತಳು. "ಗುಂಡಿ ನಿನ್ನ ಕೈಯಲ್ಲೇ ಇತ್ತು. ನೀನು ನೋಡ್ತಾ ನಿಂತಿದ್ದೆ" ಎಂದಳು. ನಾನು ಬರ್ತ್ರಾಂನ ಕಡೆ ಕೈ ತೋರಿಸಿ, ಅವನಿಗೆ ಇದು ಆಗಲೇಬೇಕಿತ್ತು ಎಂದೆ. "ಒಳಗೆ ಯಾರಿದ್ರು ಅಂತ ನನಗೇನು ಗೊತ್ತು?" ಎಂದಳು ಐಸಾತಾ. "ನಾನು ಬಂದಿದ್ದು ಆ ಮಫ್ಲರಿಗಾಗಿ." ಬರ್ತ್ರಾಂನ ವಿಷಯದಲ್ಲಿ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಇವಳ ಆ ಮಾತು ಮಾತ್ರ ಗಂಟಲಿನಲ್ಲಿ ಮೀನಿನ ಮುಳ್ಳಾಗಿ ಕೂತಿದೆ.

ವಿನಿಫ್ರೆಡ್ ಓಕ್ಸ್ ಕಾಫಿ ಬಿದ್ದ ತೋಳನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತಾ, ಒಬ್ಬ ಮನುಷ್ಯನಿಗೆ ಇಲ್ಲಿಂದ ಹೊರಗೆ ಬರೋಕೆ ಯಾಕೆ ಆಗಲಿಲ್ಲ ಎಂದು ಕೇಳಿದಳು. ಬರ್ತ್ರಾಂ ಅದೊಂದು ತಾಂತ್ರಿಕ ದೋಷ ಎಂದ. ದೋಷವಲ್ಲ, ತೀರ್ಮಾನ ಎಂದು ಐಸಾತಾ ಹೇಳಿದಳು. ನಾನು ಎತ್ತಿಟ್ಟಿದ್ದ ಹೊಸ ಕೊಳವನ್ನು ಹಾಕಿ, ವಿನಿಫ್ರೆಡ್‌ಗೇ ಹೆಡ್‌ಸೆಟ್ ತೊಡಿಸಿದೆ, ಕೆಂಪು ಮಫ್ಲರಿನ ಸಮೇತ. ಕೊಳದ ಬಾಗಿಲಲ್ಲೇ ಕಾಯುತ್ತಿದ್ದ ಪಟಾಲಂ ಒಳನುಗ್ಗಿತು. ಅವಳ ತೋಳಳತೆಗೆ ಬಂದವರು ಒಬ್ಬೊಬ್ಬರಾಗಿ ಕರಗಿದರು. ಹಿಮಕರಡಿ ಒಳ್ಳೇ ಗಾಜಿನ ಹೊರಗಿನ ನೊಣದಂತೆ ಸುತ್ತಿ ಸುತ್ತಿ ಬಂದ. ಅವಳು ಅಂಗೈ ಎತ್ತಿ ಗುಡಿಸಲಿಗೆ ಹೋಗಿ ನೋಡಿದಳು, ಮತ್ತೆ ಬಂದಳು, ಮತ್ತೆ ಹೋದಳು. ಬೇಕೆಂದಾಗ ಹೋಗಬಹುದು ಎಂದು ಖಾತ್ರಿಯಾದ ಮೇಲೆ ಹೋಗುವುದನ್ನೇ ಮರೆತಳು. ಅಷ್ಟರಲ್ಲಿ ಟೂಸಾನಿನ ನರ್ಸು ದಿಮ್ಮಿಯ ಒಂದು ತುದಿ ಹಿಡಿದು ಯಾರಾದರೂ ಬನ್ನಿ ಎಂದು ಕೂಗುತ್ತಿದ್ದಳು. ವಿನಿಫ್ರೆಡ್ ಹೋಗಿ ಇನ್ನೊಂದು ತುದಿ ಹಿಡಿದಳು. ಕೋಣೆಯಲ್ಲಿದ್ದ ನಾವೆಲ್ಲ ಆ ಗಂಭೀರ ಹೆಂಗಸು ಏದುಸಿರು ಬಿಡುತ್ತಾ, ಬರಿಗೈಯಲ್ಲಿ ಗಾಳಿ ಎಳೆಯುತ್ತಾ, ಯಾರಿಗೋ ಎಡಕ್ಕೆ ಬಾ, ಎಡಕ್ಕೆ ಎನ್ನುತ್ತಾ ನಗುವುದನ್ನು ನೋಡಿದೆವು. ಅದೇ ಹೊತ್ತಿಗೆ ಐಸಾತಾ ಹಿಮಕರಡಿಯನ್ನು ಹೊರಗೆ ಹಾಕಿದಳು, ಅವನ ನೇರ ಪ್ರಸಾರದ ನಡುವೆಯೇ, ಅವನ ಸಾವಿರಾರು ಜನ ನೋಡುತ್ತಿರುವಾಗಲೇ. ಕಪ್ಪು ಪರದೆಯ ಮುಂದೆ ಅವನು ಹಲೋ ಹಲೋ ಎನ್ನುತ್ತಿದ್ದದ್ದನ್ನು ಈಗ ಜನ ಹಂಚಿಕೊಂಡು ನಗುತ್ತಿದ್ದಾರೆ. ಮಾಡಿದ್ದುಣ್ಣೋ ಮಹರಾಯ.

ಟೊರಾಂಟೊದವರು ಕೊಂಡರು. ಹೊಸ ಕೊಳವನ್ನು ಮಾತ್ರ, ಬರ್ತ್ರಾಂ ಇಲ್ಲದೆ ಮಾತ್ರ. ಅವನು ತನ್ನ ಕಾಫಿ ಯಂತ್ರವನ್ನು ಎದೆಗವಚಿಕೊಂಡು ಹೋದ ದಿನ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ಅವನು ಸಣ್ಣಗೆ ಕಂಡ. "ಕಣ್ಣು ಮುಚ್ಚಿದ್ರೆ ಇನ್ನೂ ಆ ಮುಖಗಳು ಬರ್ತವೆ" ಎಂದ. ಕೆಳಗಿನ ಮಹಡಿಯಲ್ಲಿ ಬಾಗಿಲು ತೆರೆದಾಗ, ನನ್ನ ತಂಗಿಗೂ ಹಾಗೇ ಆಗುತ್ತೆ ಎಂದೆ. ಅವನು ಹಿಮದಲ್ಲಿ ಕಾರು ಹುಡುಕುತ್ತಾ ನಡೆದು ಹೋದ. ಕನಿಕರ ಬರಬಹುದೇನೋ ಎಂದು ಕಿಟಕಿಯಿಂದ ನೋಡಿದೆ. ಬರಲಿಲ್ಲ.

ಐಸಾತಾ ಈಗ ನನ್ನ ಜೊತೆ ಕೆಲಸದ ಮಾತಷ್ಟೇ ಆಡುತ್ತಾಳೆ. ಆದರೆ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟಿದ್ದಾಳೆ. ನಮ್ಮೆಲ್ಲರ ಜೊತೆ ಮೇಜಿಗೆ ಬರುತ್ತಾಳೆ, ನನ್ನಿಂದ ಒಂದು ಕುರ್ಚಿ ಬಿಟ್ಟು ಕೂರುತ್ತಾಳೆ. ಅಷ್ಟು ಸಾಕು, ಉಳಿದದ್ದನ್ನು ನಾನು ಸಂಪಾದಿಸಿಕೊಳ್ಳಬೇಕು. ನೀನು ಇದನ್ನು ಓದಿ ಖುಷಿಪಡುತ್ತೀಯೋ, ನನ್ನ ಮೇಲೆ ಸಿಡುಕುತ್ತೀಯೋ ನನಗೆ ತಿಳಿಯದು. ಸಿಡುಕಿದರೂ ಸರಿ, ಬರೆದು ಸಿಡುಕು. ಚಿಕ್ಕಮ್ಮನಿಗೆ ನನ್ನ ಮುತ್ತುಗಳನ್ನು ತಲುಪಿಸು, ಮಂಡಿಗೂ ಒಂದು. ಅಮ್ಮನ ಆಶೀರ್ವಾದ ಕಾಲುಚೀಲದ ಸಮೇತ ಬರುತ್ತದೆ. ಬೆಚ್ಚಗಿರು, ಹೊಟ್ಟೆ ತುಂಬ ತಿನ್ನು, ಬಾಗಿಲು ತೆರೆದಿಟ್ಟು ಮಲಗುವಷ್ಟು ಧೈರ್ಯ ನಿನಗೆ ಮರಳಿ ಬರಲಿ.

ಎಂದೆಂದಿಗೂ ನಿನ್ನವಳೇ ಆದ
ಅಕ್ಕ ಸೊಲಾಂಜ್

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೊರಹಾಕಿಸಿಕೊಂಡವರು ಮರಳಿ ಬರಬೇಕೆಂದರೆ ಮನವಿ ಸಲ್ಲಿಸಬಹುದು, ಅದನ್ನು ತೀರ್ಮಾನಿಸುವುದು ಆತಿಥೇಯರ ಮುಖ್ಯಸ್ಥೆ ಎಂದು ಹೊಸ ನಿಯಮ ಮಾಡಿದ್ದೇವೆ. ಆ ಕುರ್ಚಿಗೆ ನಿನ್ನ ಹೆಸರು ಹೇಳಿದವಳು ನಾನಲ್ಲ, ಐಸಾತಾ. ವಿನಿಫ್ರೆಡ್ ಒಪ್ಪಿದ್ದಾಳೆ. ನೀನು ಪಟ್ಟಣಕ್ಕೆ ಬರಬೇಕಾಗಿಲ್ಲ, ಹೆಡ್‌ಸೆಟ್ ಮುಟ್ಟಬೇಕಾಗಿಲ್ಲ, ಬೇಡವೆಂದರೆ ಬೇಡ. ಮೊದಲ ಮನವಿ ಬಂದಿದೆ, ಹಿಮಕರಡಿ ಯಾನಿಕ್ ಪ್ರೂನದು. ಬಿಳಿ ಕೊಳವಿಲ್ಲದೆ ಅವನನ್ನು ನೋಡುವವರೇ ಇಲ್ಲವಂತೆ, ತಮಾಷೆಗೆ ಮಾಡಿದ್ದಂತೆ, ಯಾರ ಕಾಲಿಗಾದರೂ ಬೀಳುತ್ತಾನಂತೆ. ದಿನವೂ ಕೇಳುತ್ತಾನೆ. ತೀರ್ಮಾನಿಸುವವಳು ಒಂದು ದ್ವೀಪದಲ್ಲಿದ್ದಾಳೆ, ಕಾಗದದಲ್ಲಿ ಮಾತ್ರ ಉತ್ತರ ಬರೆಯುತ್ತಾಳೆ, ಸಮುದ್ರದಲ್ಲಿ ಮಂಜುಗಡ್ಡೆ ಇರುವವರೆಗೂ ಹಡಗನ್ನು ನಂಬಿಕೊಂಡಿರಬೇಡ ಎಂದು ನಾನೇ ಅವನಿಗೆ ತಿಳಿಸಿದ್ದೇನೆ. ಅವನು ಕಾಯುತ್ತಿದ್ದಾನೆ. ನಿನಗೆ ಏನೂ ಆತುರವಿಲ್ಲ.